ಆಟಿ ತಿಂಗಳ ಕರೆಂಟು

ಮನೆಗೆ ಬಂದವರು ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ ನೋಡಿ ಮೊದಲು ಕೇಳುವುದು ‘ಎಷ್ಟಾಯ್ತು?’ ಅಂತ. ಅದಕ್ಕೆ ಉತ್ತರ ಹೇಳಿ ಮುಗಿಸುವುದರೊಳಗೆ ಎರಡನೆಯದು ಬರುತ್ತದೆ: ‘ಮಳೆಗಾಲಕ್ಕೆ ಎಂತ ಮಾಡ್ತೀರಿ?’ ನಾನು ಬಾಯಿ ತೆರೆಯುವ ಮೊದಲೇ ಕೇಳಿದವರೇ ಪರಿಹಾರವನ್ನೂ ಕೊಟ್ಟುಬಿಡುತ್ತಾರೆ. ‘ಮಳೆಗಾಲದಲ್ಲಿ ಗಾಳಿ ಉಂಟಲ್ಲ, ಒಂದು ಗಾಳಿಯಂತ್ರವನ್ನೂ ಹಾಕಿಬಿಡಿ ಮಾರಾಯ್ರೆ.’ ಮದುವೆ ಊಟದ ಪಂಕ್ತಿಯಲ್ಲಿ, ಅಡಿಕೆ ಅಂಗಡಿಯಲ್ಲಿ, ಉಪ್ಪಳ ಬಸ್ಸಿಗೆ ಕಾಯುವಲ್ಲಿ, ಎಲ್ಲ ಕಡೆಯೂ ಇದೇ ಸಲಹೆ. ಕೇಳುವಾಗ ತಲೆಯಾಡಿಸಬೇಕು ಅನಿಸುವಷ್ಟು ಸರಿಯಾದ ಮಾತು. ಬಿಸಿಲು ಹೋದಾಗ ಗಾಳಿ ಬರುತ್ತದೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಇಂಟರ್ನೆಟ್ಟಿನಲ್ಲಿ ನೋಡಿದರೂ ಮನೆಯಲ್ಲೇ ಕರೆಂಟು ಮಾಡಿಕೊಂಡವರೆಲ್ಲ ಪ್ಯಾನೆಲ್ಲಿನ ಪಕ್ಕ ಒಂದು ತಿರುಗುವ ಫ್ಯಾನನ್ನೂ ನಿಲ್ಲಿಸಿರುತ್ತಾರೆ. ಆದರೆ ಕಾಸರಗೋಡಿನ ಬಾಯಾರು ಕಡೆಯ ನಮ್ಮ ತೋಟದ ನಡುವೆ ನಿಂತು ಯೋಚಿಸಿದಾಗೆಲ್ಲ, ಇದರಲ್ಲಿ ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತಿದೆ ಎಂದು ಕಾಣುತ್ತಿತ್ತು. ಅದು ಎಲ್ಲಿ ಎಂದು ಗೊತ್ತಾಗಲು ನನಗೆ ತುಸು ಸಮಯ ಬೇಕಾಯಿತು.

ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಗಾಳಿಮಳೆಗೆ ಎಲ್ಲೋ ಒಂದು ಅಕೇಶಿಯ ಮರ ಲೈನಿನ ಮೇಲೆ ಮಲಗಿತೆಂದರೆ ಆ ರಾತ್ರಿ ಮುಗಿಯಿತು. ಲೈನಿನವರು ಪಾಪ, ಸುರಿಯುವ ಮಳೆಯಲ್ಲೇ ಕಂಬ ಹತ್ತುತ್ತಾರೆ. ಇಲ್ಲಿ ಸರಿ ಮಾಡುವಷ್ಟರಲ್ಲಿ ಆಚೆ ಗುಡ್ಡೆಯಲ್ಲಿ ಮತ್ತೊಂದು ಬಿದ್ದಿರುತ್ತದೆ. ತಮಾಷೆಯೆಂದರೆ, ನಮ್ಮ ಹತ್ತಿರದಲ್ಲೇ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಸ್ಥಾವರ ಉಂಟು. 2021ರ ಫೆಬ್ರವರಿಯಲ್ಲಿ ಪ್ರಧಾನಿಯೇ ಉದ್ಘಾಟಿಸಿದ್ದು. ಮುರಕಲ್ಲಿನ ಪಾರೆಯ ಮೇಲೆ ಸಾಲುಸಾಲು ನೀಲಿ ಹಲಗೆ. ಅದನ್ನು ನೋಡಿಕೊಂಡು ಬಂದವರು ‘ನಿಮಗೆಂತ ಕರೆಂಟಿಗೆ ಬರ’ ಎನ್ನುತ್ತಾರೆ. ಅಲ್ಲಿ ಆದದ್ದು ಗ್ರಿಡ್ಡಿಗೆ ಹೋಗುತ್ತದೆ, ಗ್ರಿಡ್ಡಿನಿಂದ ನಮ್ಮ ಮನೆಗೆ ಬರುವ ತಂತಿ ಅದೇ ಅಕೇಶಿಯದ ಅಡಿಯಲ್ಲೇ ಹಾದು ಬರಬೇಕು. ನಮ್ಮ ಕೊರತೆ ಕರೆಂಟಿನದ್ದಲ್ಲ, ಕೊನೆಯ ಎರಡು ಕಿಲೋಮೀಟರಿನದ್ದು.

ಇನ್ನೊಂದು ಸಂಗತಿ ಹಲವರಿಗೆ ಪ್ಯಾನೆಲ್ ಹಾಕಿಸಿದ ಮೇಲೆಯೇ ಗೊತ್ತಾಗುವುದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಬಿಲ್ಲು ಇಳಿಸುವುದೇ ಉದ್ದೇಶವಾದರೆ ಎರಡನೇ ಮಾತಿಲ್ಲದೆ ಅದೇ ಸರಿ. ಆದರೆ ಆ ಪದ್ಧತಿಯಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಲೈನಿನಲ್ಲಿ ಕರೆಂಟು ಹೋದ ಕ್ಷಣ ಇನ್ವರ್ಟರೂ ತಾನಾಗಿ ನಿಲ್ಲುತ್ತದೆ. ನಿಲ್ಲಲೇಬೇಕು, ಕಂಬದ ಮೇಲೆ ಲೈನ್‌ಮನ್ ಇರುವಾಗ ನಮ್ಮ ಮಾಡಿನಿಂದ ಕರೆಂಟು ತಂತಿಗೆ ನುಗ್ಗಿದರೆ ಏನಾದೀತು? ಹಾಗಾಗಿ ನೆತ್ತಿಯ ಮೇಲೆ ಬಿಸಿಲು ಉರಿಯುತ್ತಿರುವಾಗ, ಮಾಡಿನ ಮೇಲೆ ಮೂರು ಕಿಲೋವ್ಯಾಟ್ ಇರುವಾಗ, ಮನೆಯೊಳಗೆ ಫ್ಯಾನು ನಿಂತಿರುತ್ತದೆ. ಕರೆಂಟು ಹೋದಾಗಲೂ ದೀಪ ಬೇಕು ಎನ್ನುವವರಿಗೆ ಬ್ಯಾಟರಿ ಬೇಕು, ಸ್ವಂತ ಕೈಯಲ್ಲಿ ಮಾಡಿಕೊಂಡವರಿಗೆ ಸಬ್ಸಿಡಿ ಇಲ್ಲ. ಅದು ನೋಂದಾಯಿತ ಕಂಪನಿಯವರ ಮೂಲಕವೇ ಆಗಬೇಕು. ನಾನು ಹಿಡಿದದ್ದು ಈ ಎರಡನೆಯ ದಾರಿ. ಸಣ್ಣದು, ಪ್ಯಾನೆಲ್ ಎರಡೇ.

ಅಂಗಳದ ಲೆಕ್ಕ

ಪ್ಯಾನೆಲ್ ಎಲ್ಲಿಡುವುದೆಂದು ತೀರ್ಮಾನಿಸಲು ಸೂರ್ಯನ ದಾರಿ ತೋರಿಸುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು ಅಂಗಳದಲ್ಲಿ ಸುತ್ತುತ್ತಿದ್ದೆ. ಚಿಕ್ಕಮ್ಮ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು.

‘ಎಂತ ಹುಡುಕುವುದು ಆಗದಿಂದ?’

‘ನೆರಳು ಎಲ್ಲೆಲ್ಲಿ ಬೀಳ್ತದೆ ಅಂತ ನೋಡುವುದು ಚಿಕ್ಕಮ್ಮ.’

‘ಅದಕ್ಕೆ ಫೋನು ಯಾಕೆ?’ ಎಂದವರು ಕೂತಲ್ಲಿಂದ ಏಳದೆ ಗಲ್ಲ ಎತ್ತಿ ಒಂದೊಂದೇ ಮರ ತೋರಿಸಿದರು. ‘ಧನು ತಿಂಗಳಲ್ಲಿ ಮೂರು ಗಂಟೆ ಕಳೆದರೆ ಆ ತೆಂಗಿನದ್ದು ತುಳಸಿಕಟ್ಟೆವರೆಗೆ ಬರ್ತದೆ. ಹಲಸಿನದ್ದು ಬೆಳಿಗ್ಗೆ ಒಂಬತ್ತರವರೆಗೆ ಆ ಮೂಲೆ ಬಿಡುವುದಿಲ್ಲ. ಕೊಟ್ಟಿಗೆ ಮಾಡಿನ ತೆಂಕು ಬದಿಗೆ ಮಾತ್ರ ಇಡೀ ದಿನ ಬಿಸಿಲು. ಮೇಷ ತಿಂಗಳು ಬಂದರೆ ನೆರಳು ಮತ್ತೆ ಆಚೆಗೆ ಹೋಗ್ತದೆ, ಅದು ಬೇರೆ.’

ಆ್ಯಪಿನಲ್ಲಿ ನೋಡಿದೆ, ಎಲ್ಲವೂ ಅವರು ಹೇಳಿದ ಹಾಗೇ ಇತ್ತು. ಚಾಲಿ ಅಡಿಕೆ ಒಣಗಲು ನಲವತ್ತು, ನಲವತ್ತೈದು ದಿನದ ಬಿಸಿಲು ಬೇಕು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಪ್ರತಿ ವರ್ಷ ಅಂಗಳದಲ್ಲಿ ಅಡಿಕೆ ಹರಗಿ, ನೆರಳು ಬಂದ ಹಾಗೆ ಸರಿಸಿ, ಮೋಡ ಕಂಡ ಕೂಡಲೇ ಒಟ್ಟುಮಾಡಿದವರಿಗೆ ಸೂರ್ಯನ ಲೆಕ್ಕ ಯಾರು ಹೇಳಿಕೊಡಬೇಕು? ಬಿಸಿಲನ್ನು ದುಡಿಸಿಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ಪ್ಲಾಸ್ಟಿಕ್ ಹೊದೆಸಿ ಅಡಿಕೆ ಒಣಗಿಸುವ ಗೂಡುಗಳನ್ನು ಅಡಿಕೆ ಮರದ ಕಂಬ ನೆಟ್ಟು ತಾವೇ ಕಟ್ಟಿಕೊಂಡವರು ಊರು ತುಂಬ ಇದ್ದಾರೆ. ಅವರಾರೂ ಅದನ್ನು ದೊಡ್ಡ ವಿಷಯ ಎಂದುಕೊಂಡದ್ದೇ ಇಲ್ಲ.

ಅಡಿಕೆಗೆ ಸ್ವಲ್ಪ ನೆರಳು ಬಿದ್ದರೆ ಸ್ವಲ್ಪ ತಡವಾಗಿ ಒಣಗುತ್ತದೆ, ಅಷ್ಟೆ. ಪ್ಯಾನೆಲ್ಲಿಗೆ ಹಾಗಲ್ಲ. ಅದರೊಳಗಿನ ಸೆಲ್ಲುಗಳು ಒಂದರ ಬಾಲಕ್ಕೆ ಒಂದು ಕಟ್ಟಿದ ಸರಣಿ. ಒಂದಕ್ಕೆ ನೆರಳಾದರೆ ಅದರ ಸಾಲಿಗೇ ತಡೆ. ಸಾಮಾನ್ಯವಾಗಿ ಪ್ಯಾನೆಲ್ಲಿನ ಹಿಂದಿನ ಪೆಟ್ಟಿಗೆಯಲ್ಲಿ ಮೂರು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು) ಇರುತ್ತವೆ; ನೆರಳು ಬಿದ್ದ ಸಾಲನ್ನು ಬಿಟ್ಟು ಉಳಿದ ಸಾಲಿನ ಕರೆಂಟು ಸುತ್ತಿ ಬರಲು ದಾರಿ ಅದು. ಅಂದರೆ ತೆಂಗಿನ ಒಂದು ಮಡಲಿನ ತುದಿ ಅಡ್ಡ ಬಂದರೂ ಮೂರನೇ ಒಂದು ಪಾಲು ಹೋಯಿತು. ಮೀಟರು ಹಿಡಿದು ನಿಂತು, ಗಾಳಿಗೆ ಮಡಲು ಆಡಿದಾಗ ಆಂಪಿಯರ್ ಇಳಿದು ಏರುವುದನ್ನು ನೋಡಿದರೆ ಮಾತ್ರ ಇದು ಮನಸ್ಸಿಗೆ ಹತ್ತುತ್ತದೆ.

ಕಾಸರಗೋಡು ಇರುವುದು ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿ. ಪ್ಯಾನೆಲ್ಲನ್ನು ತೆಂಕು ಮುಖ ಮಾಡಿ ಅಷ್ಟೇ ಓರೆಯಲ್ಲಿ ಇಡಬೇಕು ಎಂಬುದು ಲೆಕ್ಕ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಬಡಗಿನಲ್ಲಿರುತ್ತಾನೆ. ಅದರಲ್ಲಿ ಹೆಚ್ಚಿನ ತಿಂಗಳು ಮಳೆಗಾಲವಾದ್ದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಓರೆ ಇಲ್ಲದೆ ಮಟ್ಟಸವಾಗಿ ಇಟ್ಟವರ ಪ್ಯಾನೆಲ್ಲಿನ ಕೆಳಅಂಚಿನಲ್ಲಿ ನೀರು ನಿಂತು ಪಾಚಿ ಹಿಡಿಯುತ್ತದೆ. ನಮ್ಮ ಊರಿನಲ್ಲಿ ಓರೆ ಇಡುವುದು ಸೂರ್ಯನಿಗಿಂತ ಹೆಚ್ಚು ಮಳೆಗಾಗಿ.

ಹಗಲು ಅಗ್ಗ, ರಾತ್ರಿ ದುಬಾರಿ

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಸೋಲಾರ್ ಸೆಲ್ ತೋರಿಸಿದಾಗ ಅದು ಬಿದ್ದ ಬಿಸಿಲಿನ ಶೇಕಡಾ 6ರಷ್ಟನ್ನು ಮಾತ್ರ ಕರೆಂಟು ಮಾಡುತ್ತಿತ್ತು. ಈಗ ಪೇಟೆಯಲ್ಲಿ ಸಿಗುವ ಪ್ಯಾನೆಲ್ ಶೇಕಡಾ 20 ದಾಟುತ್ತದೆ, ಬೆಲೆಯೂ ತುಂಬ ಇಳಿದಿದೆ. ಮಾಡಿಗೆ ಹೊದೆಸುವ ಸಾಮಾನಿನ ಸಾಲಿಗೆ ಇದೂ ಬರುವ ದಿನ ದೂರವಿಲ್ಲ. ಹಗಲಿನ ಕರೆಂಟು ಅಷ್ಟು ಅಗ್ಗ. ಸ್ವಂತ ಮಾಡುವವನು ಕೈ ಸುಟ್ಟುಕೊಳ್ಳುವುದು ರಾತ್ರಿಗಾಗಿ. ಇನ್ವರ್ಟರಿಗೆ ಇಡುವ 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ ಇರುವುದು 1.8 ಯೂನಿಟ್. ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಸ್ಸೂ ಇಳಿಯುತ್ತದೆ, ಹಾಗಾಗಿ ಕೈಗೆ ಸಿಗುವುದು ಒಂದು ಯೂನಿಟಿಗೂ ಕಡಿಮೆ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ನಾಲ್ಕನ್ನು ಸರಣಿಯಲ್ಲಿ ಕಟ್ಟಿದರೆ 12.8 ವೋಲ್ಟ್, ಅದನ್ನು ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸಬಹುದು, ನೀರು ಹಾಕುವ ರಗಳೆಯೂ ಇಲ್ಲ. ಆದರೆ ಸೆಲ್ಲುಗಳನ್ನು ಸಮ ಮಾಡುವ ಬಿಎಂಎಸ್ ಬೋರ್ಡು ಒಳ್ಳೆಯದಿಲ್ಲದಿದ್ದರೆ ಎಲ್ಲ ವ್ಯರ್ಥ.

ಆ ಒಂದು ಯೂನಿಟಿನಲ್ಲಿ ಏನೇನು ನಡೆಯುತ್ತದೆ? ಒಂಬತ್ತು ವ್ಯಾಟಿನ ಐದು ಎಲ್‌ಇಡಿ ನಾಲ್ಕು ಗಂಟೆ, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಎಂಬ ಬಗೆಯ ಮೂವತ್ತು ವ್ಯಾಟಿನ ಎರಡು ಫ್ಯಾನು ಎಂಟು ಗಂಟೆ, ರೂಟರ್ ಇಡೀ ದಿನ, ಫೋನುಗಳು. ಅಲ್ಲಿಗೆ ಮುಗಿಯಿತು. ಹಳೆಯ ಎಪ್ಪತ್ತೈದು ವ್ಯಾಟಿನ ಫ್ಯಾನನ್ನೇ ಉಳಿಸಿಕೊಂಡರೆ ಬ್ಯಾಟರಿ ಇನ್ನೊಂದು ಬೇಕು. ಫ್ಯಾನು ಬದಲಾಯಿಸುವುದು ಬ್ಯಾಟರಿ ಕೊಳ್ಳುವುದಕ್ಕಿಂತ ಅಗ್ಗ ಎನ್ನುವುದು ಗೊತ್ತಿದ್ದೂ ಜನ ಮೊದಲು ಬ್ಯಾಟರಿಯನ್ನೇ ಕೊಳ್ಳುತ್ತಾರೆ. ಫ್ಯಾನು ತೋರಿಸಿ ‘ಎಷ್ಟಾಯ್ತು’ ಎಂದು ಯಾರೂ ಕೇಳುವುದಿಲ್ಲವಲ್ಲ!

ವಿಡಿಯೊ ನೋಡಿ ಜೋಡಿಸಿದವರ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ತಂತಿಯ ಸಮಸ್ಯೆ. ಮನೆಯಿಂದ ಕೊಟ್ಟಿಗೆಗೆ ಇಪ್ಪತ್ತು ಮೀಟರ್ ದೂರ, 1.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ವಯರು, ಅದರಲ್ಲಿ 12 ವೋಲ್ಟಿನ ಎಂಟು ಆಂಪಿಯರ್. ಹೋಗಿ ಬರುವ ನಲವತ್ತು ಮೀಟರಿಗೆ ಅರ್ಧ ಓಮ್ ಹತ್ತಿರದ ತಡೆ, ಅಂದರೆ ದಾರಿಯಲ್ಲೇ ಸುಮಾರು ನಾಲ್ಕು ವೋಲ್ಟು ಖರ್ಚು. ಕೊಟ್ಟಿಗೆ ಮುಟ್ಟುವಾಗ ಎಂಟೇ ವೋಲ್ಟು. ಮೋಟರು ಮುಲುಕುತ್ತದೆ, ಬೈಗುಳ ಬ್ಯಾಟರಿಗೆ ಬೀಳುತ್ತದೆ. ಇದೇ ಕೆಲಸ 230 ವೋಲ್ಟಿನಲ್ಲಾದರೆ ಅದೇ ವಯರು ಧಾರಾಳ ಸಾಕು. ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಸ್ವಿಚ್ಚು ತೆಗೆದಾಗ ಹುಟ್ಟಿದ ಕಿಡಿ ತಾನೇ ಸಾಯುತ್ತದೆ. ಪ್ಯಾನೆಲ್, ಬ್ಯಾಟರಿಯಿಂದ ಬರುವ ಡಿಸಿ ಕರೆಂಟಿಗೆ ಸೊನ್ನೆ ಇಲ್ಲ, ಕಿಡಿ ಹಿಡಿದರೆ ಹಿಡಿದೇ ಇರುತ್ತದೆ. ಪ್ಯಾನೆಲ್ಲಿನ ಸಾಲಿಗೆ ಡಿಸಿಗೆಂದೇ ಮಾಡಿದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಕಡಿಯುವ ಸ್ವಿಚ್ಚು), ಬ್ಯಾಟರಿಯ ಬಾಯಲ್ಲೇ ಫ್ಯೂಸು, ತುಲಾ ತಿಂಗಳ ಸಿಡಿಲಿಗೆ ಸರಿಯಾದ ಅರ್ತಿಂಗ್, ಈ ಮೂರರಲ್ಲಿ ದುಡ್ಡು ಉಳಿಸುವವನು ತಾನೇ ಜೋಡಿಸುವ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಪಿವಿಸಿ ರೆಕ್ಕೆ

ಇನ್ನು ಗಾಳಿ. ಅಕ್ಕನ ಮಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬರುವಾಗ ಗುಜರಿಯಿಂದ ಟ್ರೆಡ್‌ಮಿಲ್ಲಿನ ಮೋಟರೊಂದನ್ನು ಹೊತ್ತು ತಂದ. ಅದರೊಳಗೆ ಕಾಯಂ ಅಯಸ್ಕಾಂತ ಇರುವುದರಿಂದ ತಿರುಗಿಸಿದರೆ ಸಾಕು, ಕರೆಂಟು ಬರುತ್ತದೆ. ಎಂಟಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಪಟ್ಟಿಯನ್ನು ಬುಡದಲ್ಲಿ ಅಗಲ ತುದಿಯಲ್ಲಿ ಕಿರಿದಾಗಿ ಕತ್ತರಿಸಿ, ಅಂಚಿಗೆ ಅರ ಹಾಕಿ ಮೂರು ರೆಕ್ಕೆ ಮಾಡಿದ. ಪೈಪಿನ ಬಾಗು ರೆಕ್ಕೆಗೆ ತಾನಾಗಿ ಒದಗುತ್ತದೆ, ಅದೊಂದು ಚಂದದ ಉಪಾಯ. ಬಾಲಕ್ಕೆ ತಗಡು. ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಜಿಐ ಪೈಪು ಬಿಗಿದು ನಿಲ್ಲಿಸಿದೆವು. ಮಳೆ ಹನಿಯುತ್ತಿತ್ತು, ಅಡಿಕೆ ಮರಗಳ ತಲೆ ಅತ್ತಿತ್ತ ತೂಗುತ್ತಿತ್ತು. ಒಳ್ಳೆಯ ಗಾಳಿ ಎಂದೇ ಎಲ್ಲರೂ ಹೇಳುವಂಥ ಗಾಳಿ.

ಯಂತ್ರ ತಿರುಗಿತು. ಆಮೇಲೆ ನಿಂತಿತು. ಬಡಗಿಗೆ ಮುಖ ಮಾಡಿ ನಾಲ್ಕು ಸುತ್ತು, ಪಡುವಣಕ್ಕೆ ಹೊರಳಿ ಹತ್ತು ಸುತ್ತು, ಮತ್ತೆ ಏನೋ ನೆನಪಾದವರ ಹಾಗೆ ತೆಂಕಿಗೆ ತಿರುಗಿ ಸುಮ್ಮನೆ. ಮೀಟರಿನಲ್ಲಿ ನಾಲ್ಕು ವೋಲ್ಟು, ಆರು, ಒಂಬತ್ತು, ಮತ್ತೆ ಮೂರು. ಬ್ಯಾಟರಿ ಇರುವುದು ಹನ್ನೆರಡೂವರೆಯಲ್ಲಿ. ಅದಕ್ಕಿಂತ ಮೇಲೆ ಹೋಗದೆ ಒಂದು ಹನಿಯೂ ಒಳಗೆ ಹೋಗುವುದಿಲ್ಲ. ‘ಒಮ್ಮೆ ಜೋಡಿಸಿ ನೋಡುವ ಮಾವ’ ಎಂದು ಅವನು ನಡುವೆ ಡಯೋಡ್ ಹಾಕದೆ ವಯರು ಮುಟ್ಟಿಸಿದ. ಯಂತ್ರ ಭರ್ರೆಂದು ತಿರುಗತೊಡಗಿತು. ಅವನಿಗೆ ಕುಣಿಯುವಷ್ಟು ಸಂತೋಷ, ಅರ್ಧ ನಿಮಿಷ. ಬ್ಯಾಟರಿಯ ಕರೆಂಟು ತಿಂದು ಅದು ಫ್ಯಾನಾಗಿ ತಿರುಗುತ್ತಿತ್ತು. ಗೊತ್ತಾದದ್ದೇ ಅವನೇ ಹೊಟ್ಟೆ ಹಿಡಿದು ನಕ್ಕ. ಕೆಳಗಿನಿಂದ ಚಿಕ್ಕಮ್ಮ, ‘ಗಾಳಿ ಹಾಕಲಿಕ್ಕಾದರೆ ಅದನ್ನು ಇಲ್ಲಿ ಅಡುಗೆಮನೆಗೆ ತಂದಿಡಿ’ ಎಂದರು.

ಆ ದಿನದ ಮೇಲೆ ಕಾಗದ ಪೆನ್ನು ತೆಗೆದುಕೊಂಡು ಕೂತಾಗ ಅನುಮಾನದ ಗಂಟು ಬಿಚ್ಚಿತು. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು, ಅರ್ಧಕ್ಕಿಳಿದರೆ ಎಂಟರಲ್ಲೊಂದು ಪಾಲು. ನಮ್ಮ ಯಂತ್ರದ ಅಡ್ಡಳತೆ 1.2 ಮೀಟರ್. ಸೆಕೆಂಡಿಗೆ 3 ಮೀಟರಿನ ಗಾಳಿಯಲ್ಲಿ, ಅಂದರೆ ಎಲೆ ಅಲುಗಾಡುವ ಗಾಳಿಯಲ್ಲಿ, ಆ ವೃತ್ತದಲ್ಲಿ ಹಾದುಹೋಗುವ ಶಕ್ತಿಯೇ 18 ವ್ಯಾಟ್. ಅದರಲ್ಲಿ ಎಂಥ ಯಂತ್ರವೂ ಶೇಕಡಾ 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ತೋರಿಸಿದ್ದಾರೆ. ಮನೆಯಲ್ಲಿ ಮಾಡಿದ್ದಕ್ಕೆ ಕಾಲು ಪಾಲು ಸಿಕ್ಕಿದರೆ ದೊಡ್ಡದು. ಐದು ವ್ಯಾಟ್ ಕೂಡ ಆಗಲಿಲ್ಲ, ರೂಟರಿಗೂ ಸಾಲದು. ಗಾಳಿ 6 ಮೀಟರಿಗೆ ಏರಿದರೆ 37 ವ್ಯಾಟ್. ಆದರೆ ಆ ಗಾಳಿ ಬಿಡದೆ ಬೀಸುತ್ತಿರಬೇಕು, ಸುತ್ತಲಿನ ಮರಗಳಿಗಿಂತ ಮೂವತ್ತು ಅಡಿ ಮೇಲೆ ಯಂತ್ರ ಇರಬೇಕು. ಅಡಿಕೆ ಮರವೇ ನಲವತ್ತೈವತ್ತು ಅಡಿ. ಎಂಬತ್ತು ಅಡಿಯ ಕಂಬ, ನಾಲ್ಕು ಕಡೆಗೆ ಎಳೆದು ಕಟ್ಟುವ ಉಕ್ಕಿನ ಹಗ್ಗ, ಅದಕ್ಕೆ ಕಾಂಕ್ರೀಟು! ಆ ದುಡ್ಡಿನಲ್ಲಿ ಪ್ಯಾನೆಲ್ ಇನ್ನೆಷ್ಟು ಬರುತ್ತಿತ್ತು ಎಂದು ಲೆಕ್ಕ ಹಾಕುವುದೇ ಬೇಡ. ನಮ್ಮ ಮಳೆಗಾಲದ ಗಾಳಿ ಅಡಿಕೆ ಮರವನ್ನು ನಡುವಿಗೆ ಮುರಿಯಬಲ್ಲದು, ದಿನವಿಡೀ ಒಂದೇ ಹದದಲ್ಲಿ ಬೀಸಲಾರದು. ಕಣಿವೆಯ ತೋಟಕ್ಕೆ ಬರುವುದು ಗಾಳಿಯ ಗದ್ದಲ ಮಾತ್ರ.

ಪ್ಯಾನೆಲ್ಲಿನ ಪಕ್ಕ ಗಾಳಿಯಂತ್ರ ಇಡುವ ಪಾಕ ಹುಟ್ಟಿದ ಊರುಗಳೇ ಬೇರೆ. 1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕರು ಮೇರಿಕರ್ಕ್ ಎಂಬ ಹಳ್ಳಿಯ ತಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆಯ ಪಟ ಕಟ್ಟಿದ ಗಾಳಿಯಂತ್ರ ನಿಲ್ಲಿಸಿ, ಬ್ಯಾಟರಿ ತುಂಬಿ, ದೀಪ ಉರಿಸಿದರು. ಹೆಚ್ಚಾದ ಕರೆಂಟನ್ನು ಊರ ಬೀದಿಗೆ ಕೊಡುತ್ತೇನೆಂದರೆ ಊರವರು ‘ಇದು ಪಿಶಾಚಿಯ ಕೆಲಸ’ ಎಂದು ಬೇಡ ಅಂದರಂತೆ. (ಚಿಕ್ಕಮ್ಮ ಎಷ್ಟೋ ವಾಸಿ.) ಅದೇ ಸ್ಕಾಟ್ಲೆಂಡಿನ ಸ್ಕೋರೇಗ್ ಎಂಬ, ರಸ್ತೆಯೇ ಹೋಗದ ಮೂಲೆಯಲ್ಲಿ ಕೂತು ಹ್ಯೂ ಪಿಗಟ್ ಮರದ ರೆಕ್ಕೆ ಕೆತ್ತಿ, ಅಯಸ್ಕಾಂತಗಳನ್ನು ರಾಳದಲ್ಲಿ ಕೂರಿಸಿ ಮನೆಯಲ್ಲೇ ಗಾಳಿಯಂತ್ರ ಮಾಡುವ ವಿದ್ಯೆಯನ್ನು ಜಗತ್ತಿಗೆ ಹಂಚಿದರು. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಕೆಲವೇ ಗಂಟೆ, ಕಡಲ ಗಾಳಿ ಮಾತ್ರ ಹಗಲು ರಾತ್ರಿ. ಅವರಿಗೆ ಅದು ಸರಿಯಾದ ಜೋಡಿ. ನಮ್ಮ ಕೇರಳದಲ್ಲೂ ಗಾಳಿಯಂತ್ರಗಳು ನಿಂತದ್ದು ಪಾಲಕ್ಕಾಡಿನ ಕಂಜಿಕೋಡಿನಲ್ಲಿ, ಇಡುಕ್ಕಿಯ ರಾಮಕ್ಕಲ್‌ಮೇಡಿನಲ್ಲಿ. ಬೆಟ್ಟಸಾಲು ಬಾಯಿಬಿಟ್ಟ ಕಡೆ, ಇಲ್ಲವೇ ನೆತ್ತಿಯ ಮೇಲೆ. ಇಲ್ಲಿ ಪೊಸಡಿ ಗುಂಪೆ ಗುಡ್ಡದ ತುದಿಯಲ್ಲಿ ನಿಂತರೆ ಗಾಳಿ ಮುಖಕ್ಕೆ ಹೊಡೆಯುತ್ತದೆ, ನಿಜ. ಗುಂಪೆಯ ಮೇಲೆ ಮನೆ ಯಾರದ್ದೂ ಇಲ್ಲ.

ಹಾಗಾದರೆ ಆಟಿಯಲ್ಲಿ ಎಂತ ಉಂಟು?

ಆಟಿಯ, ಅಂದರೆ ಜುಲೈ-ಆಗಸ್ಟಿನ ಮಳೆ ತಿಂಗಳ, ಒಂದು ಕತ್ತಲೆ ದಿನ ನಮ್ಮ ಪ್ಯಾನೆಲ್ಲುಗಳಿಂದ ಬೇಸಿಗೆಯ ಐದನೇ ಒಂದು ಪಾಲೂ ಸಿಗುವುದಿಲ್ಲ. ಆ ದಿನ ನಮ್ಮಲ್ಲಿ ಧಾರಾಳ ಇರುವುದು ಯಾವುದು ಎಂದು ಕೇಳಿಕೊಂಡರೆ ಉತ್ತರ ಕಿವಿಗೇ ಕೇಳುತ್ತದೆ: ತೋಡು, ಅಂದರೆ ಹರಿಯುವ ಹಳ್ಳ. ಇದೇನು ನನ್ನ ಶೋಧವಲ್ಲ. ಕೊಡಗು, ಚಿಕ್ಕಮಗಳೂರು, ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಹರಿಯುವ ನೀರಿನಿಂದ ಕರೆಂಟು ಮಾಡುವ ಸಣ್ಣ ಟರ್ಬೈನ್ ಇಟ್ಟುಕೊಂಡ ಕೃಷಿಕರು ಎಷ್ಟೋ ಕಾಲದಿಂದ ಇದ್ದಾರೆ. ನಮ್ಮ ಕಡೆಯವರು ಅದು ದೊಡ್ಡ ಜಲಪಾತ ಇದ್ದವರಿಗೆ ಎಂದುಕೊಂಡು ಬಿಟ್ಟಿದ್ದೇವೆ. ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡಿ, ಪಂಪಿಲ್ಲದೆ, ಕರೆಂಟಿಲ್ಲದೆ, ಬರೀ ಇಳಿಜಾರಿನಿಂದಲೇ ತೋಟಕ್ಕೆ ನೀರು ಇಳಿಸಿಕೊಂಡವರ ಮಕ್ಕಳು ನಾವು. ನೀರಿನ ಇಳಿಜಾರು ನಮಗೆ ತಲೆಗೆ ಹೊಳೆಯುವ ಮೊದಲು ಸ್ಕಾಟ್ಲೆಂಡಿನ ಗಾಳಿ ಹೊಳೆಯಿತಲ್ಲ, ಅದೇ ಆಶ್ಚರ್ಯ.

ಸೋದರಳಿಯ ಮತ್ತು ನಾನು ಅಳತೆಗೆ ಇಳಿದೆವು. ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಪ್ಲಾಸ್ಟಿಕ್ ನಳಿಗೆ ಹಿಡಿದು, ತೋಟದ ತಟ್ಟು ತಟ್ಟಾಗಿ ಇಳಿಯುತ್ತ ಎತ್ತರ ಕೂಡಿಸುತ್ತ ಬಂದರೆ ಮೇಲಿನ ಕಟ್ಟದಿಂದ ಕೆಳಗಿನ ಪಂಪ್ ಶೆಡ್ಡಿಗೆ ಹದಿನೈದು ಮೀಟರ್ ಸಿಕ್ಕಿತು. ಇಂಬಳ ಬೇಕಾದಷ್ಟು ಕಚ್ಚಿತು. ನೀರಿಗೆ ಪೈಂಟಿನ ಇಪ್ಪತ್ತು ಲೀಟರ್ ಬಕೆಟು: ತೋಡಿನ ಒಂದು ಸಣ್ಣ ಸೀಳನ್ನು ಪೈಪಿನಲ್ಲಿ ಹರಿಸಿ ಹಿಡಿದರೆ ಹತ್ತು ಸೆಕೆಂಡಿಗೆ ತುಂಬಿತು, ಸೆಕೆಂಡಿಗೆ ಎರಡು ಲೀಟರ್. ಎರಡು ಲೀಟರ್, ಹದಿನೈದು ಮೀಟರ್, ಗುರುತ್ವದ 9.8, ಗುಣಿಸಿದರೆ 294 ವ್ಯಾಟ್. ಅರ್ಧ ಪೈಪಿನಲ್ಲೂ ಯಂತ್ರದಲ್ಲೂ ಕಳೆದುಹೋಯಿತೆಂದರೂ 145 ಉಳಿಯುತ್ತದೆ. ಕಡಿಮೆ ಎಂದು ಕಾಣುತ್ತದೆ. ಆದರೆ ನೀರಿಗೆ ಹಗಲು ರಾತ್ರಿ ಇಲ್ಲ, ಇಪ್ಪತ್ತನಾಲ್ಕು ಗಂಟೆಗೆ ಮೂರೂವರೆ ಯೂನಿಟ್. ಮಾರ್ಚಿನ ಉರಿಬಿಸಿಲಲ್ಲಿ ನಮ್ಮ ಎರಡು ಪ್ಯಾನೆಲ್ಲು ಕೊಡುವುದಕ್ಕಿಂತ ಹೆಚ್ಚು. ರಾತ್ರಿಗೆಂದು ಕೂಡಿಡುವ ಕೆಲಸ ಕಡಿಮೆಯಾದ್ದರಿಂದ ಬ್ಯಾಟರಿ ಈಗಿರುವುದೇ ಸಾಕು.

ಖರ್ಚಿನ ದೊಡ್ಡ ಪಾಲು ಪೈಪು ಎಂದು ಎಲ್ಲರೂ ಹೇಳುತ್ತಾರೆ. ಆ ಪೈಪು ನಮ್ಮಲ್ಲಿ ಉಂಟು. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ 63 ಮಿಲಿಮೀಟರಿನ ಎಚ್‌ಡಿಪಿಇ ಪೈಪು ಜೂನಿನಿಂದ ನವೆಂಬರಿನವರೆಗೆ ಕೆಲಸವಿಲ್ಲದೆ ಬಿದ್ದಿರುತ್ತದೆ. ನೂರು ಮೀಟರ್ ಪೈಪಿನಲ್ಲಿ ಎರಡು ಲೀಟರ್ ಹರಿದರೆ ಉಜ್ಜಾಟಕ್ಕೆ ಹೋಗುವುದು ಒಂದೂವರೆ ಮೀಟರಿನ ಎತ್ತರ, ಅದನ್ನು ಬಿಟ್ಟುಕೊಡಬಹುದು. ಟರ್ಬೈನಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಹಳೆಯ ಸೆಂಟ್ರಿಫ್ಯೂಗಲ್ ಪಂಪಿಗೇ ಹಿಂದಿನಿಂದ ನೀರು ಕೊಟ್ಟು ತಿರುಗಿಸುವ ಎಂದು ನಾನು. ಇಷ್ಟು ಕಡಿಮೆ ನೀರಿಗೆ ಅದು ಸೋಮಾರಿಯಾಗುತ್ತದೆ, ಚಮಚದಂಥ ಬಟ್ಟಲು ಕೂರಿಸಿದ ಚಕ್ರ ಮಾಡಿ ಸಣ್ಣ ನಾಝಲಿನಿಂದ ಹೊಡೆಯುವ ಎಂದು ಅವನು. ಅವನು ಹೇಳುವುದೇ ಸರಿ ಎಂದು ನನಗೂ ಕಾಣುತ್ತದೆ. ಆದರೆ ಆ ಬಟ್ಟಲುಗಳನ್ನು ಯಾವ ವರ್ಕ್‌ಶಾಪಿನವರು ಕಡಿಮೆಗೆ ಮಾಡಿಕೊಡುತ್ತಾರೆ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಟ್ರೆಡ್‌ಮಿಲ್ಲಿನ ಮೋಟರು ಹೇಗೂ ಇದಕ್ಕಾಗುತ್ತದೆ. ನೀರು ಒಂದೇ ವೇಗದಲ್ಲಿ ತಿರುಗಿಸುವುದರಿಂದ ವೋಲ್ಟು ಹನ್ನೆರಡರ ಮೇಲೆ ನಿಲ್ಲುತ್ತದೆ. ಬ್ಯಾಟರಿ ತುಂಬಿದ ಮೇಲೆ ಬರುವ ಕರೆಂಟನ್ನು ಸುಮ್ಮನೆ ಬಿಡುವಂತಿಲ್ಲ, ಭಾರ ಇಲ್ಲದ ಟರ್ಬೈನ್ ಹುಚ್ಚು ವೇಗಕ್ಕೆ ಏರುತ್ತದೆ. ಅದಕ್ಕೊಂದು ನೀರು ಕಾಯಿಸುವ ಕಾಯಿಲ್ ಇಟ್ಟು ಹೆಚ್ಚಾದದ್ದನ್ನು ಅಲ್ಲಿಗೆ ತಿರುಗಿಸಬೇಕು. ಆಟಿಯಲ್ಲಿ ಬಿಸಿನೀರು ಯಾರಿಗೂ ಬೇಡವಾಗುವುದಿಲ್ಲ.

ಇತ್ಯರ್ಥವಾಗದೆ ಉಳಿದದ್ದು ಎಲೆಯ ಸಮಸ್ಯೆ. ಮಳೆಗಾಲದ ತೋಡಿನಲ್ಲಿ ನೀರಿನಷ್ಟೇ ಎಲೆ, ಸೋಗೆ, ಕಸ. ಪೈಪಿನ ಬಾಯಿಗೆ ಜಾಲರಿಯನ್ನು ಓರೆಯಾಗಿ ಇಟ್ಟರೆ ಹೆಚ್ಚಿನದ್ದು ಜಾರಿ ಹೋಗುತ್ತದೆ, ಜೋರು ಮಳೆ ಬಂದ ರಾತ್ರಿ ಆ ಜಾಲರಿಯೂ ಮುಚ್ಚುತ್ತದೆ. ಆಗ ಟಾರ್ಚು ಹಿಡಿದು ಗುಡ್ಡೆ ಹತ್ತಿ ಹೋಗಿ ಬಳಿದು ಬರಬೇಕು. ಹೋಗುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಳಿಯನಿಗೆ ಜುಲೈಯಲ್ಲಿ ಕಾಲೇಜು ಇರುತ್ತದೆ.